ಗಂಗಕ್ಕನ ಉಡಿಗೆ ಬಿದ್ದ ಮೂರ್ತಿ

ಗಂಗಕ್ಕಾ, ನಮ್ಮ ಮನೆಯ ಗೂಡಿನಲ್ಲಿರುವ ತಾಯಿ-ಮಗುವಿನ ಮೂರ್ತಿ ನಿನ್ನದು. ಸುಳ್ಳು ಓದಿ ನಿನ್ನಿಂದ ಕಸಿದುಕೊಂಡೆ.

ನನ್ನ ದಿನಚರಿಯಲ್ಲಿ ನಿಜವೇ ಇದೆ — ೧೯೪೫, ಮಾರ್ಚ್ ೧೨, ಸೋಮವಾರ: ‘ತಿಕೋಟಾ ದವಾಖಾನೆಯ ದೊರೆಸಾನಿ ಊರು ಬಿಡುವ ಮೊದಲು, ಮಕ್ಕಳಿಲ್ಲದ ಗಂಗಕ್ಕನ ಉಡಿಗೆ ಅಕ್ಕಿ, ಅರಿಷಿಣಬೇರು ಹಾಕಿ ಮೇಲೆ ಮೂರ್ತಿ ಇಟ್ಟರು.’ ಉಡಿಗೆ ಬಿದ್ದದ್ದನ್ನು ಯಾರೂ ಮರಳಿ ಕೇಳುವುದಿಲ್ಲ. ಗೊತ್ತಿತ್ತು. ಆದರೆ ಆರು ವರ್ಷ ಅವರ ಹತ್ತಿರ ಅಕ್ಷರ ಕಲಿತವಳು ನಾನು, ನೀನು ಅವರ ಮನೆಯ ಅಡುಗೆಯವಳು — ನನಗೇಕೆ ಕೊಡಲಿಲ್ಲ ಎಂದು...

ಮರುವರ್ಷ ಮದುವೆಯಾಗಿ ವಿಜಾಪುರಕ್ಕೆ ಹೊರಟಾಗ ಓದಲು ಬಾರದ ನಿನ್ನೆದುರು ಅದೇ ಪುಟ ತೆರೆದು, ಇಲ್ಲದ್ದನ್ನು ಓದಿದೆ: ‘ನನ್ನ ಮದುವೆಯ ತನಕ ಗಂಗಕ್ಕ ಜೋಪಾನ ಮಾಡಲಿ.’

ನೀನು ಬೆಚ್ಚಿದೆ. “ಹೌದೇನ ತಂಗಿ? ನನಗ ನೆಪ್ಪ ಆಗವಲ್ದು... ನೀ ಬರದಿಟ್ಟೀದಿ ಅಂದಮ್ಯಾಲ ಖರೇನ ಇರಬೇಕು. ನಂದ ಹಾಳ ತಲಿ, ನಿನ್ನಿ ಉಂಡದ್ದ ನೆಪ್ಪ ಇರೂದಿಲ್ಲ!” ಎಂದು ನಕ್ಕು, ಸೆರಗಿನಿಂದ ಒರೆಸಿ ಕೊಟ್ಟುಬಿಟ್ಟೆ.

ಆಮೇಲೂ ನೀನು ಮೂರ್ತಿ ನೋಡಲು ತಿಕೋಟಾದಿಂದ ಬರುತ್ತಿದ್ದೆ. “ಮಗಳ ಮಾರಿ ನೋಡಿ ಹೋಗತೇನಿ. ಒರಸಾಕ ಒಂದ ಅರಿವಿ ಕೊಡ ತಂಗಿ.” ಹನ್ನೊಂದು ಸಲ ಬಂದಿದ್ದೀ. ತಾರೀಖು ಬರೆದಿಟ್ಟಿದ್ದೇನೆ.

ನಿನ್ನೆ ನನ್ನ ಯಜಮಾನರ ಪರಿಚಯದ, ಹಳೆಯ ಮೂರ್ತಿಗಳನ್ನು ಬಲ್ಲ ಪಂಡಿತರೊಬ್ಬರು ಮುಂಬಯಿಯಿಂದ ಬಂದಿದ್ದರು. ಮೂರ್ತಿ ನೋಡಿ ನಿಂತೇಬಿಟ್ಟರು. ಇಟಲಿಯದು, ಸುಟ್ಟ ಮಣ್ಣಿನ ಮೇಲೆ ಬಿಳಿ-ನೀಲಿ ಗಾಜಿನ ಲೇಪ, ನಾನೂರೈವತ್ತು ವರ್ಷವಾದರೂ ಆಗಿರಬೇಕು ಎಂದರು. “ಯಾರಿಂದ ಯಾರಿಗೆ ಬಂತು, ಅಷ್ಟ ಬರದ ಕೊಡ್ರಿ.” ಬರೆದೆ: ದೊರೆಸಾನಿಯ ಅಜ್ಜಿ, ದೊರೆಸಾನಿ, ನಾನು.

ಅವರು ಮೂರ್ತಿಯನ್ನು ತಿರುಗಿಸಿದರು. ಬೆನ್ನು ಪೊಳ್ಳು — ನಾನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಒಳಗಿನಿಂದ ಒಣಗಿದ ಅರಿಷಿಣಬೇರುಗಳು ಚಾಪೆಯ ಮೇಲೆ ಉದುರಿದವು. ರೂಢಿಯಂತೆ ಎಣಿಸಿದೆ. ಹನ್ನೊಂದು.

ಕೊಟ್ಟ ಮಗಳ ಮನೆಗೆ ಬಂದ ತವರಿನವಳ ಹಾಗೆ, ನೀನು ಪ್ರತಿ ಸಲವೂ ಅವಳ ಉಡಿ ತುಂಬಿ ಹೋಗಿದ್ದೆ. ನಾನು ಕೊಟ್ಟ ಅರಿವೆಯ ಮರೆಯಲ್ಲಿ — ನನ್ನ ಮನೆಯಲ್ಲೇ —

ಪಟ್ಟಿ ಹರಿದೆ. ಹೊಸದರಲ್ಲಿ ದೊರೆಸಾನಿಯ ಕೆಳಗೆ ನಿನ್ನ ಹೆಸರಿದೆ. ಅದರ ಕೆಳಗೆ ಯಾರೂ ಇಲ್ಲ.

ನಾಳೆ ಮುಂಜಾನೆ ಮೂರ್ತಿ, ಬೇರು, ದಿನಚರಿ, ಈ ಕಾಗದ — ಎಲ್ಲ ತರುತ್ತೇನೆ. ನಾನು ಓದಿದರೆ ನಂಬಬೇಡ ಗಂಗಕ್ಕಾ. ಬೇರೆ ಯಾರನ್ನಾದರೂ ಕರೆದು ಓದಿಸು.