ಭಾವನ ಶೇಡ್ ಕಾರ್ಡು

ನಮ್ಮಕ್ಕನ ಗಂಡ ಮೂವತ್ತೊಂದು ವರ್ಷ ಕಾರುಗಳಿಗೆ ಬಣ್ಣ ಹೊಡೆದವರು. ಬಣ್ಣದ ಮಾತು ಮಾತ್ರ ಅವರಿಗೆ ಬಾರದು; ಆ ಇಲಾಖೆ ನನ್ನದು. ಗ್ಯಾರೇಜಿನಲ್ಲಿ ಅವರಿಗೆ ‘ಸೆಕೆಂಡ್ ಕೋಟ್’ ಎಂದೇ ಹೆಸರು. ಬಾಗಿಲಾಗಲಿ ಬಾನೆಟ್ಟಾಗಲಿ, ಒಂದು ಕೋಟು ಹೊಡೆದು, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, “ಆರ್ಲಿ. ಇನ್ನೊಂದು ಕೋಟ್ ಬೇಕು” ಅನ್ನುತ್ತಿದ್ದರು. ನಮ್ಮ ಮನೆಗೆ ಮೊದಲ ಸಲ ಬಂದಾಗ ಚಹಾವನ್ನೂ ಎರಡು ಕೋಟ್ ಕುಡಿದಿದ್ದರು.

ಅವರ ಕಣ್ಣಿಗೆ ಬಿಳಿ ಎಂಬ ಬಣ್ಣವೇ ಇಲ್ಲ, ಹನ್ನೊಂದು ಬಿಳಿಗಳಿವೆ. ಗುದ್ದಿಸಿಕೊಂಡು ಬಂದ ಬಂಪರಿನ ಚೂರನ್ನು ಹಿಡಿದು ಅಂಗಳಕ್ಕೆ ಹೋಗಿ, ಬಿಸಿಲಿಗೆ ಆಚೀಚೆ ತಿರುಗಿಸಿ, ಡಬ್ಬಿಯ ನಂಬರು ಹೇಳುತ್ತಿದ್ದರು. ಒಳಗೆ ನಿಂತು ಬಣ್ಣ ಹೊಂದಿಸುವವರನ್ನು ಕಂಡರೆ ಕೆಂಡವಾಗುತ್ತಿದ್ದರು. “ಟ್ಯೂಬ್‌ಲೈಟ್ ಸುಳ್ಳು ಹೇಳುತ್ತೆ ಕಣಯ್ಯಾ. ಬಿಸಿಲಿಗೆ ಬಾ!” ಗ್ಯಾರೇಜಿನಲ್ಲೂ ಮನೆಯಲ್ಲೂ ಈ ಮಾತನ್ನು ಕೇಳದ ಕಿವಿಯಿಲ್ಲ. ಅಕ್ಕನ ಕಿವಿಯೂ ಅದರಲ್ಲಿ ಸೇರಿತ್ತು ಎಂಬುದನ್ನು ಅವರು ಮರೆತದ್ದೇ ಮುಂದೆ ಎಡವಟ್ಟಾಯಿತು.

ಇಷ್ಟು ವರ್ಷ ಅವರ ಮಾಸ್ಕು ಮೂಗಿನ ಮೇಲೆ ಇದ್ದದ್ದಕ್ಕಿಂತ ಕೊರಳಲ್ಲಿ ನೇತಾಡಿದ್ದೇ ಹೆಚ್ಚು. ಬಣ್ಣ ಹೊಡೆಯುವ ಮುಚ್ಚಿದ ಬೂತಿನ ಒಳಗೆ ಬಣ್ಣದ ಹೊಗೆ ಒಂದು ಕೋಟು, ಹೊರಗೆ ಬಂದರೆ ಸಿಗರೇಟಿನ ಹೊಗೆ ಸೆಕೆಂಡ್ ಕೋಟು. ಐವತ್ತೆಂಟರ ಹೊತ್ತಿಗೆ ಬೂತಿನಿಂದ ಗೇಟಿಗೆ ನಡೆಯುವಷ್ಟರಲ್ಲಿ ಎರಡು ಸಲ ನಿಂತು, ಪಕ್ಕದ ಕಾರಿನ ಟೈರು ನೋಡುವ ನಾಟಕ ಶುರುವಾಯಿತು. ಇವರಿಗೆ ಈ ವಯಸ್ಸಿನಲ್ಲಿ ಟೈರುಗಳ ಮೇಲೆ ಯಾಕಪ್ಪಾ ಮನಸ್ಸಾಯಿತು ಎಂದು ಗ್ಯಾರೇಜಿನ ಯಜಮಾನರು ತಲೆ ಕೆರೆದುಕೊಂಡರು.

ಡಾಕ್ಟರು ಕೊಳವೆ ಊದಿಸಿ ನೋಡಿ, ಶ್ವಾಸಕೋಶದ ಕಾಯಿಲೆ ಎಂದು ಹೇಳಿ, ಸಿಒಪಿಡಿ ಎಂಬ ನಾಲ್ಕು ಅಕ್ಷರವನ್ನೂ, ಉಸಿರಿನ ಜೊತೆ ಮದ್ದು ಎಳೆದುಕೊಳ್ಳುವ ಎರಡು ಪಂಪುಗಳನ್ನೂ ಬರೆದರು. “ಇದು ಪೂರ್ತಿ ಹೋಗೋ ಕಾಯಿಲೆ ಅಲ್ಲ. ಆದ್ರೆ ಹತೋಟಿಲಿ ಇಟ್ಕೊಂಡು ಚೆನ್ನಾಗಿ ಬದುಕಬಹುದು. ಸಿಗರೇಟ್ ಬಿಡಿ, ಬೂತ್ ಬಿಡಿ.”

ಸಿಗರೇಟನ್ನು ಭಾವ ನಿಜಕ್ಕೂ ಬಿಟ್ಟರು. ಬೂತ್ ಬಿಡುವ ಮಾತಿಗೆ ಮಾತ್ರ ಅವರ ಮುಖ ಕಾರಿಗೆ ಎಲ್ಲಕ್ಕಿಂತ ಮೊದಲು ಬಳಿಯುವ ಪ್ರೈಮರಿನ ಬೂದಿ ಬಣ್ಣಕ್ಕೆ ತಿರುಗಿತು. ಗ್ಯಾರೇಜಿನ ಯಜಮಾನರು ಒಳ್ಳೆಯವರೇ. “ಅಂಗಳದಲ್ಲಿ ಕೂತು ಬಣ್ಣ ಗುರುತಿಸಿ ನಂಬರ್ ಹೇಳಿ ಸಾಕು, ಕಲಸೋದು ಬೇರೆಯವರು ಮಾಡ್ತಾರೆ. ಆದ್ರೆ ಕೆಲಸ ಮಾಡಬಹುದು ಅಂತ ಡಾಕ್ಟರ ಚೀಟಿ ಬೇಕು. ಎರಡು ತಿಂಗಳು ಕಾಯ್ತೀನಿ. ಆಮೇಲೆ ಬಣ್ಣ ಓದೋ ಮಷೀನ್ ತರಿಸ್ತೀನಿ” ಎಂದರು.

ಮಷೀನು! ಅಂದು ರಾತ್ರಿ ಭಾವ ಊಟ ಬಿಟ್ಟರು. ಸೆಕೆಂಡ್ ಕೋಟಂತೂ ದೂರ, ಮೊದಲನೆಯದೂ ಇಲ್ಲ.

ಡಾಕ್ಟರ ಷರತ್ತು ಹೀಗಿತ್ತು: ಎಂಟು ಬುಧವಾರ ಆಸ್ಪತ್ರೆಯ ಉಸಿರಾಟದ ತರಗತಿಗೆ ಬರಬೇಕು, ಕೊನೆಯ ಬುಧವಾರ ಆರು ನಿಮಿಷ ನಡೆದು ತೋರಿಸಬೇಕು, ಆಮೇಲೆ ಚೀಟಿ. ಅಕ್ಕನಿಗೆ ಅಂಚೆ ಕಚೇರಿಯ ಕೌಂಟರು ಬಿಟ್ಟು ಬರಲಾಗದು. ಹಾಗಾಗಿ ಅವರ ಕೆಳಗಿನ ಮನೆಯಲ್ಲಿರುವ ನಾನೇ ಭಾವನ ಜೊತೆ ಹೊರಟೆ. ತರಗತಿ ಎರಡನೇ ಮಹಡಿಯಲ್ಲಿತ್ತು. ಏದುಸಿರಿನವರನ್ನು ಅಷ್ಟು ಎತ್ತರಕ್ಕೆ ಏರಿಸಿದ ಮಹಾನುಭಾವರಿಗೆ ಮನಸ್ಸಿನಲ್ಲೇ ಕೈಮುಗಿದು ಲಿಫ್ಟ್ ಹತ್ತಿದೆವು. ಒಳಗೆ ಆರು ಕುರ್ಚಿ, ಗೋಡೆಯ ಮೇಲೆ ಶ್ವಾಸಕೋಶದ ಚಿತ್ರ, ಅದರ ಮುಂದೆ ಸಿಸ್ಟರ್. ಕಾನ್ವೆಂಟಿನಲ್ಲಿ ಓದಿದವನಾದ್ದರಿಂದ ಯಾವ ಸಿಸ್ಟರನ್ನು ಕಂಡರೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಭಾವನ ಬೆನ್ನಿಗೆ ಆ ವಿದ್ಯಾಭ್ಯಾಸವಿಲ್ಲ.

“ಯಜಮಾನ್ರೇ, ಪಂಪ್ ಹೇಗೆ ತಗೋತೀರಿ, ತೋರಿಸಿ” ಎಂದರು ಸಿಸ್ಟರ್.

ಭಾವ ಎದ್ದು ತೋಳು ಮಡಿಸಿದರು. ಪಂಪನ್ನು ಕುಲುಕಿದ ರೀತಿಗೆ ನೂರಕ್ಕೆ ನೂರು ಕೊಡಬೇಕು. ಗೋಡೆಯ ಕನ್ನಡಿಯ ಮುಂದೆ ನಿಂತು, ಬಾಯಿ ಅಗಲಿಸಿ, ಪಂಪನ್ನು ಬಾಯಿಂದ ಒಂದು ಗೇಣು ದೂರ ಹಿಡಿದು, ಮಣಿಕಟ್ಟನ್ನು ಎಡದಿಂದ ಬಲಕ್ಕೆ ನಯವಾಗಿ ಬೀಸುತ್ತಾ ಒತ್ತಿದರು. ಮಂಜಿನಂಥ ಮದ್ದು ಮೀಸೆಯ ಮೇಲೆ, ಕೆನ್ನೆಯ ಮೇಲೆ, ಕನ್ನಡಿಯ ಮೇಲೆ ಒಂದೇ ಸಮನಾಗಿ ಕೂತಿತು. ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ, “ಆರ್ಲಿ. ಇನ್ನೊಂದು ಕೋಟ್ ಬೇಕು” ಎಂದರು.

ತರಗತಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಅಲ್ಲಿದ್ದವರಿಗೆ ಅದು ಸುಲಭವೂ ಆಗಿರಲಿಲ್ಲ.

“ಮನೇಲೂ ಹೀಗೇನಾ?”

“ಹೂಂ, ಮೂರು ತಿಂಗಳಿಂದ. ಹತ್ತಿರ ಹಿಡಿದ್ರೆ ಇಳಿದ್ಬಿಡುತ್ತೆ ಸಿಸ್ಟರ್.”

“ಇಳೀಲಿ ಅಂತಾನೇ ಅಲ್ವಾ ಕೊಟ್ಟಿರೋದು!”

“ಅದಕ್ಕೇ ನಮ್ಮಕ್ಕನ ಮನೆ ಕನ್ನಡಿ ಒಂದು ದಿನವೂ ಕೆಮ್ಮಿಲ್ಲ” ಎಂದೆ ನಾನು. ಭಾವ ನನ್ನನ್ನು ನೋಡಿದ ನೋಟದಲ್ಲಿ ಬಣ್ಣ ಕರಗಿಸುವ ಥಿನ್ನರ್ ಇತ್ತು.

ಸಿಸ್ಟರ್ ಅವರ ತುಟಿಗೇ ಪಂಪ್ ಇಡಿಸಿದರು. “ಮೊದ್ಲು ಉಸಿರು ಪೂರ್ತಿ ಹೊರಗೆ. ಈಗ ತುಟಿ ಬಿಗಿ. ನಿಧಾನವಾಗಿ ಒಳಗೆ ಎಳೀತಾ ಎಳೀತಾನೇ ಒತ್ತಿ. ಹತ್ತು ಎಣಿಸೋವರೆಗೂ ಬಿಡ್ಬೇಡಿ.” ಆಮೇಲೆ ಚೀಲ ತೋರಿಸಿ, “ಇನ್ನೊಂದು ಪಂಪ್ ಸೀಲೇ ಒಡೆದಿಲ್ವಲ್ಲ?” ಎಂದರು.

“ಅದು ದಿನಾ ತಗೊಳ್ಳೋದಂತೆ. ಆರಾಮಾಗಿದ್ದಾಗ ಯಾಕೆ ಅಂತ ಬಿಟ್ಟೆ.”

“ನೀವು ಪ್ರೈಮರ್ ಇಲ್ದೇ ಟಾಪ್ ಕೋಟ್ ಹೊಡೀತೀರಾ?”

“ಛೆ ಛೆ! ಎಂಥ ಮಾತು ಸಿಸ್ಟರ್!” ಭಾವನಿಗೆ ನಿಜವಾಗಿಯೂ ನೋವಾಯಿತು.

“ಇದು ಪ್ರೈಮರ್. ಆರಾಮಿದ್ರೂ ದಿನಾ ಎರಡು ಹೊತ್ತು. ಇನ್ನೊಂದು ಟಚಪ್, ಉಸಿರು ಕಟ್ಟಿದಾಗ ಮಾತ್ರ. ಪ್ರೈಮರ್ ಆದ್ಮೇಲೆ ಬಾಯಿ ಮುಕ್ಕಳಿಸಿ. ಕೆಲಸ ಆದ್ಮೇಲೆ ಸ್ಪ್ರೇ ಗನ್ ತೊಳೀತೀರೋ ಇಲ್ವೋ?”

ಎರಡು ಚೀಟಿ, ಮೂರು ಡಾಕ್ಟರು, ಒಬ್ಬ ಭಾವಮೈದ ಸೇರಿ ಹೇಳಿದ್ದು ಒಳಗೆ ಇಳಿದಿರಲಿಲ್ಲ, ಇದು ಇಳಿಯಿತು. ಮೂರನೇ ವಾರಕ್ಕೆ ಅವರು ಲಿಫ್ಟಿನ ಕಡೆ ನೋಡದೆ, ಮೆಟ್ಟಿಲೇರುವಾಗ ಉಸಿರು ಬಿಡುತ್ತಾ, ನಿಂತಾಗ ಎಳೆಯುತ್ತಾ, ಬಿಸಿ ಚಹಾ ಆರಿಸುವವರಂತೆ ತುಟಿ ಚೂಪು ಮಾಡಿ ಊದುತ್ತಾ ಬಂದರು.

ಐದನೇ ಬುಧವಾರ ಕಫದ ಪಾಠ. ಬಣ್ಣ ಹಳದಿಗೋ ಹಸಿರಿಗೋ ತಿರುಗಿದರೆ, ಉಸಿರು ಮಾಮೂಲಿಗಿಂತ ಬಿಗಿದರೆ ಕಾಯದೆ ಫೋನ್ ಮಾಡಿ ಎಂದರು ಸಿಸ್ಟರ್. ಭಾವ ಕೈಯೆತ್ತಿದರು.

“ಹಳದಿ ಅಂದ್ರೆ ಯಾವ ಹಳದಿ? ಹಳದಿಲೇ ನಮ್ಮಲ್ಲಿ ಇಪ್ಪತ್ತಾರಿದೆ.”

ಮುಂದಿನ ಬುಧವಾರ ಭಾವನೇ ಉತ್ತರ ತಂದರು. ಬಾಲ್ಕನಿಯಲ್ಲಿ ಕೂತು, ಅಂಗಡಿಯ ನೀರುಬಣ್ಣ ಕಲಸಿ, ಬೆರಳಗಲದ ಐದು ತಗಡಿನ ಪಟ್ಟಿಗಳಿಗೆ ಕುಂಚದಿಂದ ಬಳಿದು, ಮೂಲೆಯಲ್ಲಿ ಒಂದು ಮೊಳೆ ಹೊಡೆದು ಬೀಸಣಿಗೆಯಂತೆ ಬಿಚ್ಚುವ ಶೇಡ್ ಕಾರ್ಡು. ಒಂದು, ಮಂಜು. ಎರಡು, ಮುತ್ತು. ಮೂರು, ಬೆಣ್ಣೆ. ನಾಲ್ಕು, ಸಾಸಿವೆ. ಐದು, ಪಾಚಿ. ತರಗತಿಯಲ್ಲಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್ಸು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡೇ ತಮಗೂ ಒಂದು ಬೇಕೆಂದರು. ಅವರ ಪಕ್ಕದ ಕುರ್ಚಿಯ ಬೇಕರಿಯವರು ಒಂದು ವಾರ ಬ್ರೆಡ್ಡಿಗೆ ಬೆಣ್ಣೆ ಹಚ್ಚಲಿಲ್ಲವಂತೆ. ಡಾಕ್ಟರು ಬಂದು ನೋಡಿ ನಕ್ಕು, ಮೂರರ ಬುಡದಲ್ಲಿ ಕೆಂಪು ಗೆರೆ ಎಳೆದು, ‘ಇಲ್ಲಿಂದ ಮುಂದೆ ಫೋನ್’ ಎಂದು ಬರೆದರು. ಒಂದು ಪ್ರತಿ ಶ್ವಾಸಕೋಶದ ಚಿತ್ರದ ಪಕ್ಕ ಗೋಡೆಗೇರಿತು. ಭಾವ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ನಡಿಗೆಯ ಪರೀಕ್ಷೆ ಬುಧವಾರ ಎಂದಾದರೆ, ಇದು ಅದರ ಹಿಂದಿನ ಸೋಮವಾರ ಬೆಳಗಿನ ಕಥೆ. ಏಣಿ ಕೇಳಲು ನಾನು ಮೇಲೆ ಹೋದಾಗ ಭಾವ ಬಾತ್‌ರೂಮಿನಿಂದ ಹೊರಬಂದು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಟಚಪ್ ಪಂಪು ಬೆಳಗಿನಿಂದ ಮೂರನೇ ಸಲ ಕೆಲಸ ಮಾಡಿತ್ತು.

“ರೀ, ಇವತ್ತು ಯಾವ ನಂಬರು?” ಎಂದಳು ಅಕ್ಕ.

“ಎರಡು.”

“ತೋರ್ಸಿ.”

“ತೋರ್ಸೋಕೆ ಅದೇನು ಒಡವೇನಾ? ಎರಡು ಅಂದ್ನಲ್ಲ. ಹೆಚ್ಚಂದ್ರೆ ಎರಡೂವರೆ.”

“ಎಲ್ಲಿ ನಿಂತು ನೋಡಿದ್ರಿ?”

ಅವರ ಬೆನ್ನ ಹಿಂದೆ ಬಾತ್‌ರೂಮಿನ ಟ್ಯೂಬ್‌ಲೈಟು ಇನ್ನೂ ಗುಂಯ್ ಎನ್ನುತ್ತಿತ್ತು.

ಕೈಗೆ ಬಂದ ಲಕೋಟೆಯ ತೂಕವನ್ನು ತಕ್ಕಡಿಗಿಂತ ಮೊದಲೇ ಹೇಳುವವಳು ನಮ್ಮಕ್ಕ. ಸುಳ್ಳಿನ ತೂಕ ಅವಳಿಗೆ ಇನ್ನೂ ಬೇಗ ಗೊತ್ತಾಗುತ್ತದೆ. ಅವರು ಕಫ ಉಗುಳಿ ಬುಟ್ಟಿಗೆ ಎಸೆದಿದ್ದ ಕಾಗದವನ್ನು ಇಕ್ಕಳದಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಶೇಡ್ ಕಾರ್ಡು ತೆಗೆದುಕೊಂಡು ಬಾಲ್ಕನಿಗೆ ನಡೆದಳು. “ಬನ್ನಿ ಬಿಸಿಲಿಗೆ!”

ಹೀಗೆ ಭಾವನ ಬಣ್ಣ ಬಯಲಿಗೆ ಬಂತು.

“ಮೋಡ ಅಡ್ಡ ಬಂದಿದೆ ಕಣೇ” ಎಂದರು ಭಾವ. ಆಕಾಶ ತೊಳೆದ ಗಾಜಿನಂತಿತ್ತು. ಆಮೇಲೆ ದನಿ ತಗ್ಗಿಸಿ, “ಬುಧವಾರ ನಡೀದಿದ್ರೆ ಮಷೀನ್ ಬರುತ್ತೆ” ಎಂದರು. ಈ ಸಲ ನಾನು ನಗಲಿಲ್ಲ.

“ನಡೆದು ಬಿದ್ರೆ ಮಷೀನೂ ಬರುತ್ತೆ, ಆಂಬುಲೆನ್ಸೂ ಬರುತ್ತೆ” ಎಂದಳು ಅಕ್ಕ. ಇಕ್ಕಳವನ್ನೂ ಕಾರ್ಡನ್ನೂ ಅವರ ಕೈಗಿಟ್ಟಳು. “ನಾನೇನೂ ಹೇಳಲ್ಲ. ಬಣ್ಣ ನಿಮ್ಮದು, ಕಣ್ಣು ನಿಮ್ಮದು. ನೀವೇ ನೋಡಿ ಹೇಳಿ.”

ಭಾವ ಕಾರ್ಡನ್ನು ಬಿಚ್ಚಿದರು. ಪಕ್ಕ ಪಕ್ಕ ಹಿಡಿದು, ಆಚೀಚೆ ತಿರುಗಿಸಿ, ತಲೆ ಓರೆ ಮಾಡಿದರು. ಹೆಂಡತಿಗೆ ಸುಳ್ಳು ಹೇಳಬಲ್ಲರು, ಡಾಕ್ಟರಿಗೆ ಹೇಳಬಲ್ಲರು. ಬಿಸಿಲಿನಲ್ಲಿ ಹಿಡಿದ ಬಣ್ಣದ ಬಗ್ಗೆ ಅವರಿಂದ ಸುಳ್ಳು ಹೊರಡುವುದಿಲ್ಲ.

“ನಾಲ್ಕು” ಎಂದರು. ಉಸಿರು ಎಳೆದುಕೊಂಡು, “ನಾಲ್ಕಕ್ಕಿಂತ ಒಂದು ಹನಿ ಹಸಿರು ಜಾಸ್ತಿ. ಫೋನ್ ಕೊಡೇ.”

ಅದೇ ದಿನ ಮಾತ್ರೆ ಶುರುವಾಯಿತು. ಈ ಎದೆ ಇಟ್ಟುಕೊಂಡು ಬುಧವಾರ ನಡೆದಿದ್ದರೆ ಹಾಸಿಗೆಯೇ ಗತಿಯಾಗುತ್ತಿತ್ತು ಎಂದರು ಡಾಕ್ಟರು. ಪರೀಕ್ಷೆ ನಾಲ್ಕು ವಾರ ಮುಂದೆ ಹೋಯಿತು. ಎರಡು ತಿಂಗಳ ಗಡುವು ಮುಗಿದು, ಗ್ಯಾರೇಜಿಗೆ ಮಷೀನು ಬಂದೇ ಬಂತು. ಸುದ್ದಿ ಹೇಳಿದವನು ನಾನೇ. ಭಾವ ತುಟಿ ಚೂಪು ಮಾಡಿ ಬಹಳ ಹೊತ್ತು ಊದಿದರು.

ಆದರೂ ಪರೀಕ್ಷೆಯ ದಿನ ನಡೆದರು. ಆರು ನಿಮಿಷದಲ್ಲಿ ಒಮ್ಮೆ ಮಾತ್ರ ನಿಂತರು, ನಿಲ್ಲಬಹುದಂತೆ, ತಪ್ಪಿಲ್ಲವಂತೆ. ಕೊನೆಯ ತಿರುವಿನಲ್ಲಿ, “ಸಿಸ್ಟರ್, ಈ ಗೋಡೆಗೂ ಆ ಗೋಡೆಗೂ ಬೇರೆ ಬೇರೆ ಡಬ್ಬಿ ಬಳಸಿದ್ದಾರೆ” ಎಂದರು. “ಮಾತಾಡ್ಬೇಡಿ, ನಡೀರಿ!” ಎಂದರು ಸಿಸ್ಟರ್. ಚೀಟಿ ಸಿಕ್ಕಿತು.

ಈಗ ಭಾವ ಗೇಟಿನ ಬಳಿ, ಬೂತಿನಿಂದ ದೂರ, ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಮಷೀನು ಮೊದಲು ಬಣ್ಣ ಓದುತ್ತದೆ. ಆಮೇಲೆ ಯಜಮಾನರು ಆ ಚೂರನ್ನು ಹಿಡಿದು ಅಂಗಳಕ್ಕೆ ಬಂದು, “ಸೆಕೆಂಡ್ ಕೋಟ್, ನೀವೊಂದ್ಸಲ ನೋಡಿ” ಅನ್ನುತ್ತಾರೆ. ಇವರು, “ಒಂದು ಹನಿ ಕಪ್ಪು ಕಮ್ಮಿ” ಅನ್ನುತ್ತಾರೆ. ಇವರ ಬೈಗುಳ ಮಾತ್ರ ಈಗ ಕಂತುಗಳಲ್ಲಿ ಬರುತ್ತದೆ, ನಡುನಡುವೆ ಊದಬೇಕಲ್ಲ.

ಮೊನ್ನೆ ನಾನು ಅಲ್ಲಿದ್ದಾಗ ಬೇಕರಿಯವರ ಫೋನು ಬಂತು. ದನಿ ಸಣ್ಣದಾಗಿತ್ತು. “ಎರಡು ಅನ್ಸುತ್ತೆ ಅಣ್ಣಾ. ಫೋನ್ ಮಾಡೋದೇನೂ ಬೇಡ ಅಲ್ವಾ ಆಸ್ಪತ್ರೆಗೆ?”

“ಎಲ್ಲಿದೀರಾ?”

“ಬಾತ್‌ರೂಮಲ್ಲಿ.”

“ಬಿಸಿಲಿಗೆ ಬನ್ನಿ” ಎಂದರು ಭಾವ. “ನಾನು ಲೈನಲ್ಲೇ ಇರ್ತೀನಿ.”