ಎರಡನೆಯ ಸೇವಂತಿಗೆ

"ಅಮ್ಮಾ, ಇಲ್ಲಿ ನೀರಿಗೆ ಏನೂ ಹಾಕ್ಬಾರ್ದು, ಫೈನ್ ಬೀಳುತ್ತೆ" ಎಂದೆ. ಭಾನುವಾರ ಮನೆಮಂದಿಯೆಲ್ಲ ಅಡಿಲೇಡ್‌ನಲ್ಲಿ ಕಡಲೊಳಕ್ಕೆ ಚಾಚಿರುವ ಗ್ಲೆನೆಲ್ಗ್ ಜೆಟ್ಟಿಗೆ ಹೋಗಿದ್ದೆವು. ಮೈಸೂರಿನಿಂದ ಬಂದಿದ್ದ ಅಮ್ಮ ಸೇವಂತಿಗೆ ಹಿಡಿದು ನಿಂತಿದ್ದರು.

"ಗಂಗಮ್ಮಂಗೆ ಹೂವು ಕೊಡೋಕೂ ಪರ್ಮಿಷನ್ನೇನೇ? ಸುಮ್ನಿರು."

ಪಕ್ಕದಲ್ಲಿ ಗಾಳ ಹಾಕಿದ್ದ ವೃದ್ಧರೊಬ್ಬರು ದಾರ ಎಳೆದುಕೊಂಡು, ಟೋಪಿ ತೆಗೆದರು. ಅಮ್ಮ ಹೂವು ಬಿಟ್ಟ ಮೇಲೆ, ತೀರಿಕೊಂಡವರು ಯಾರೆಂದು ಮೆಲ್ಲಗೆ ಕೇಳಿದರು.

ಯಾರೂ ಇಲ್ಲ, ಸಮುದ್ರ ಕಂಡಾಗ ಹೂವು ಕೊಡುವುದು ನಮ್ಮ ರೂಢಿ ಎಂದೆ. ಅವರು ಸ್ವಲ್ಪ ಯೋಚಿಸಿ, ಇನ್ನೊಂದಿದೆಯೇ ಎಂದರು. ಅಮ್ಮ ಕೊಟ್ಟರು. ವೃದ್ಧರು ಅದನ್ನು ನೀರಿಗೆ ಬಿಟ್ಟು, ಅದು ತೇಲಿ ಮರೆಯಾಗುವವರೆಗೂ ನೋಡುತ್ತ ನಿಂತರು.

ಆಗ ಅವರು ಏನೋ ಹೆಸರು ಹೇಳಿದಂತೆ ನನಗೆ ನೆನಪು. ಹೇಳಲೇ ಇಲ್ಲ ಎನ್ನುತ್ತಾಳೆ ಮಗಳು. ಆ ಹೂವು ಯಾರಿಗೆಂದು ನಾನು ಕೇಳಬೇಕಿತ್ತೇ? ಅಮ್ಮ ಊರಿಗೆ ಮರಳಿದ್ದಾರೆ. ಜೆಟ್ಟಿಗೆ ಹೋಗುವಾಗ ನಾನು ಎರಡು ಹೂವು ಒಯ್ಯುತ್ತೇನೆ.