ಸುಳ್ಳು ವಿಮಾನ ಕಟ್ಟಿದವರು

ಯಾರಾದರೂ ಮಾತಾಡಿಸಿದರೆ ಅವರು ಮುಖ ತಿರುಗಿಸುತ್ತಿರಲಿಲ್ಲ, ಬಲಗಿವಿ ತಿರುಗಿಸುತ್ತಿದ್ದರು. ಕುತ್ತಿಗೆ ಎಡಕ್ಕೆ ಹೊರಳಿ ಗಲ್ಲ ಭುಜಕ್ಕೆ ತಾಗುವಷ್ಟು ಬಾಗುತ್ತಿತ್ತು, ಕಣ್ಣು ನೆಲದ ಮೇಲಿರುತ್ತಿತ್ತು. ಹೊಸಬರು ಇದನ್ನು ಸೊಕ್ಕು ಎಂದು ತಿಳಿಯುತ್ತಿದ್ದರು. ವಾಯುಪಡೆಯಲ್ಲಿದ್ದಾಗ ವರ್ಷಗಟ್ಟಲೆ ಜೆಟ್ ಎಂಜಿನ್ನುಗಳ ಪಕ್ಕ ನಿಂತು ಎಡಗಿವಿ ಹೋಗಿಬಿಟ್ಟಿತ್ತೆಂದು ಆಮೇಲೆ ಗೊತ್ತಾಗುತ್ತಿತ್ತು. ಅವರಿಗೆ ಏನಾದರೂ ಹೇಳಬೇಕಾದರೆ ನಾವು ಸುತ್ತು ಹಾಕಿ ಬಲಗಡೆಗೆ ಹೋಗಿ ನಿಲ್ಲುತ್ತಿದ್ದೆವು.

ಅವರು ನಮ್ಮ ಕಂಪನಿಯ ಮುಖ್ಯ ಎಂಜಿನಿಯರ್. ಪುಣೆಯ ಧನಕವಡಿ ದಾಟಿ ಕಾತ್ರಜ್ ಕಡೆಗೆ ಹೋಗುವಾಗ ತಗಡಿನ ಛಾವಣಿಯ ಒಂದು ದೊಡ್ಡ ಶೆಡ್ ಇತ್ತು. ಅದರೊಳಗೆ ಇಪ್ಪತ್ತು ಚಿಲ್ಲರೆ ಜನ ಸೇರಿ ವಿಮಾನ ಹಾರಿಸಲು ಕಲಿಯುವವರಿಗಾಗಿ ಸಿಮ್ಯುಲೇಟರ್ ಕಟ್ಟುತ್ತಿದ್ದೆವು. ಸಣ್ಣ ವಿಮಾನದ ಮುಂಭಾಗದಂಥದೇ ಒಂದು ಗೂಡು, ಒಳಗೆ ನಿಜವಾದ ಕುರ್ಚಿ, ನಿಜವಾದ ಹಿಡಿಕೆ, ಎದುರಿಗೆ ಆಕಾಶ, ನೆಲ, ರನ್‌ವೇ ತೋರಿಸುವ ಪರದೆ. ಕಲಿಯುವವರು ಅದರಲ್ಲಿ ಕೂತು ಎಷ್ಟು ಸಲ ಬಿದ್ದರೂ ಯಾರಿಗೂ ಪೆಟ್ಟಾಗುವುದಿಲ್ಲ. ನಮ್ಮ ಎಂಜಿನಿಯರ್ ಅದನ್ನು ಸಿಮ್ಯುಲೇಟರ್ ಎನ್ನುತ್ತಿರಲಿಲ್ಲ, ಸುಳ್ಳು ವಿಮಾನ ಎನ್ನುತ್ತಿದ್ದರು. "ಸುಳ್ಳು ವಿಮಾನ ಖರೆ. ಆದ್ರ ಅದು ಸುಳ್ಳು ಹೇಳಬಾರ್ದು ನೋಡವಾ," ಎಂದು ನಾನು ಸೇರಿದ ಮೊದಲ ವಾರವೇ ಹೇಳಿದ್ದರು.

ತೊಂಬತ್ತರ ದಶಕದ ಕೊನೆಗೆ ನಾನು ಬೆಳಗಾವಿಯಿಂದ ಪುಣೆಗೆ ಬಂದವಳು. ಸಂದರ್ಶನದಲ್ಲಿ ಅವರು ಇಂಗ್ಲಿಷಿನಲ್ಲಿ ನಾಲ್ಕು ಪ್ರಶ್ನೆ ಕೇಳಿದ ಮೇಲೆ ಕಾಗದ ಪಕ್ಕಕ್ಕಿಟ್ಟು, "ಬೆಳಗಾಂವ್ಯಾಗ ಯಾವ ಗಲ್ಲಿ ನಿಮ್ಮದು?" ಎಂದರು. ತಾವು ಧಾರವಾಡದವರು ಎಂದರು. ಅವತ್ತಿನಿಂದ ನಾನು ಅವರಿಗೆ 'ತಂಗಿ'. ಮರಾಠಿ ಮಾತಾಡುವ ಸಹೋದ್ಯೋಗಿಗಳು ಆ ಶಬ್ದವನ್ನೇ ನನ್ನ ಹೆಸರೆಂದು ತಿಳಿದು "ತಂಗಿ ಮ್ಯಾಡಮ್" ಎಂದು ಕರೆಯುತ್ತಿದ್ದರು. ಮಧ್ಯಾಹ್ನ ನಮ್ಮ ಎಂಜಿನಿಯರರ ಡಬ್ಬಿಯಲ್ಲಿ ಅವಲಕ್ಕಿ, ಮೇಲೆ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ. ಕೆಲಸದಲ್ಲಿ ಮುಳುಗಿದವರ ಮೇಜಿನ ಮೇಲೆ ಮಾತಿಲ್ಲದೆ ಒಂದು ಮುಟಿಗೆ ಇಟ್ಟು ಹೋಗುತ್ತಿದ್ದರು.

ನಮ್ಮ ಮೊದಲ ದೊಡ್ಡ ಯಂತ್ರ ಪುಣೆಯ ಹೊರಗಿನ ಒಂದು ಖಾಸಗಿ ವಿಮಾನ ತರಬೇತಿ ಶಾಲೆಗೆ. ಅದರ ಪರದೆಯ ಮೇಲೆ ಪುಣೆಯೇ ಕಾಣಬೇಕು ಎಂದು ನಮ್ಮ ಎಂಜಿನಿಯರ್ ಹಟ ಹಿಡಿದರು. ಅದರಲ್ಲೂ ಸಂಜೆಯ ಪುಣೆ. ದೀಪ ಹತ್ತುವ ಹೊತ್ತಿಗೆ ಪರ್ವತಿ ಗುಡ್ಡ ಹತ್ತಿ ನಿಂತು, ಸ್ವಾರಗೇಟ್ ಕಡೆಯ ದೀಪ ಹಳದಿಯೋ ಬಿಳಿಯೋ ಎಂದು ನೋಡಿಕೊಂಡು ಬರುತ್ತಿದ್ದರು. ಚಿತ್ರ ಬರೆಯುವ ಹುಡುಗರು "ಸರ್, ಇಷ್ಟು ದೀಪ ಕಂಪ್ಯೂಟರಿಗೆ ಭಾರ ಆಗತಾವ," ಎಂದಾಗ, "ಸಂಜಿಮುಂದ ನಮ್ಮ ಊರು ಮ್ಯಾಲಿಂದ ಹ್ಯಾಂಗ ಕಾಣತದ ಅಂತ ಪೈಲಟ್ಟಿಗೆ ಗೊತ್ತಾಗಬ್ಯಾಡೇನು?" ಎಂದರು. ಅಷ್ಟು ಕಟ್ಟುನಿಟ್ಟಿನ ಮನುಷ್ಯನಿಗೆ ಇದೊಂದು ಮೋಹ. ನಮಗೆ ಅದು ಚಂದವೆನಿಸಿತು, ದೀಪ ಹಾಕಿದೆವು.

ಉದ್ಘಾಟನೆ ಸಾಂಗವಾಗಿ ಮುಗಿಯಿತು. ತೆಂಗಿನಕಾಯಿ ಒಡೆದರು, ಪೇಢೆ ಹಂಚಿದರು. ತೊಂದರೆಗಳು ಆಮೇಲೆ ಬಂದವು. ಗ್ರಾಹಕರ ಫೋನ್ ಎತ್ತುವ ಕೆಲಸ ನನ್ನದು. ಒಂದು ಬೆಳಿಗ್ಗೆ ಶಾಲೆಯ ಮೆಕ್ಯಾನಿಕ್, "ಮ್ಯಾಡಮ್, ತುಮ್ಚಂ ವಿಮಾನ ಜಮಿನೀತ್ ಗೇಲಂ," ಎಂದ. ನಿಂತಲ್ಲೇ ನಿಂತ ವಿಮಾನ ಪರದೆಯ ಮೇಲೆ ಮೆಲ್ಲಗೆ ರನ್‌ವೇಯೊಳಗೆ ಇಳಿದುಹೋಗಿತ್ತು. ಇನ್ನೊಂದು ದಿನ ಎಂಜಿನ್ ಬಂದ್ ಇದ್ದರೂ ಅಪಾಯದ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಇವುಗಳಿಗೆಲ್ಲ ನಾವು ನಗುತ್ತಿದ್ದೆವು, ಹೋಗಿ ಸರಿಪಡಿಸುತ್ತಿದ್ದೆವು. ಅವರು ಮಾತ್ರ ನಗುತ್ತಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಬಂದ ಫೋನು ಬೇರೆ ಬಗೆಯದು. ನಮ್ಮ ಯಂತ್ರದಲ್ಲಿ ಚೆನ್ನಾಗಿ ಪಾಸಾದ ಒಬ್ಬ ವಿದ್ಯಾರ್ಥಿ ನಿಜವಾದ ವಿಮಾನ ಇಳಿಸುವಾಗ ಹಿಡಿಕೆಯನ್ನು ಬೇಗ ಎಳೆದಿದ್ದ. ನೆಲ ಮುಟ್ಟಬೇಕಾದ ವಿಮಾನ ಮತ್ತೆ ಮೇಲೆದ್ದು ದಪ್ಪನೆ ಬಿತ್ತು. ಮೂಗಿನ ಕೆಳಗಿನ ಗಾಲಿ ಮುರಿಯಿತು. ಅವನಿಗೆ ಏನೂ ಆಗಲಿಲ್ಲ. ಶಾಲೆಯ ಮುಖ್ಯ ಬೋಧಕರು ಮಾತ್ರ ಕಿಡಿಕಿಡಿಯಾಗಿದ್ದರು. "ನಿಮ್ಮ ಡಬ್ಬಿಯೊಳಗೆ ಏನು ಕಲಿಸುತ್ತಿದ್ದೀರಿ ಇವರಿಗೆ?" ಎಂದು ನನ್ನನ್ನೇ ಕೇಳಿದರು.

ನಮ್ಮ ಎಂಜಿನಿಯರ್ ತಾವೇ ಹೋಗಿ ಯಂತ್ರದೊಳಗೆ ಕೂತರು. ಹಗಲಿನ ದೃಶ್ಯದಲ್ಲಿ ಎಲ್ಲ ಸರಿ ಇತ್ತು. ಸಂಜೆಯ ದೃಶ್ಯ ಹಾಕಿಸಿಕೊಂಡು ಇಳಿಸುವಾಗ ಹುಬ್ಬು ಗಂಟಿಕ್ಕಿತು. ಧನಕವಡಿಯಲ್ಲಿ ಮದುವೆ ಚಿತ್ರೀಕರಣ ಮಾಡುವವನೊಬ್ಬನ ಕ್ಯಾಮೆರಾ ತರಿಸಿ, ತಮ್ಮ ಕೈಯೂ ಪರದೆಯೂ ಒಟ್ಟಿಗೆ ಕಾಣುವಂತೆ ಹಿಂದಿನಿಂದ ತೆಗೆಸಿದರು. ಆಫೀಸಿನ ಟೀವಿಯಲ್ಲಿ ಆ ಟೇಪನ್ನು ಬಹಳ ನಿಧಾನವಾಗಿ ಓಡಿಸಿದೆವು. ಕೈ ಹಿಡಿಕೆಯನ್ನು ಎಳೆಯಿತು. ಪರದೆ ಅಲುಗಲಿಲ್ಲ. ಕೈ ಇನ್ನೂ ಎಳೆಯಿತು. ಪರದೆ ಆಗಲೂ ಹಾಗೇ ಇತ್ತು. ಆಮೇಲೆ ನೆಲ ಸರಕ್ಕನೆ ಕೆಳಗೆ ಜಾರಿತು. ದೀಪಗಳನ್ನು ಬಿಡಿಸುವುದರಲ್ಲೇ ಸುಸ್ತಾದ ಕಂಪ್ಯೂಟರು ಕೈ ಹೇಳಿದ್ದನ್ನು ತಡವಾಗಿ ಕೇಳಿಸಿಕೊಳ್ಳುತ್ತಿತ್ತು. ಕಣ್ಣಿಗೆ ಹೊಳೆಯದಷ್ಟು ಸಣ್ಣ ತಡ. ಅಲ್ಲೇ ಅಭ್ಯಾಸ ಮಾಡಿದ ಹುಡುಗರು ತಿಳಿಯದೆಯೇ ಅದಕ್ಕೆ ಹೊಂದಿಕೊಂಡು, ಮೊದಲೇ ಎಳೆಯುವುದನ್ನು ಕಲಿತುಬಿಟ್ಟಿದ್ದರು.

ಅವರು ಟೀವಿಯ ಹತ್ತಿರ ಹೋಗಿ ತಾವೇ ಅದನ್ನು ಬಂದ್ ಮಾಡಿದರು. "ದೀಪ ಬೇಕು ಅಂದಾಂವ ನಾನು," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ತಂಗಿ, ಈ ಯಂತ್ರದಾಗ ಫೇಲ್ ಆದವರು ಯಾರರ ಅದಾರೇನು, ಕೇಳು."

ಒಬ್ಬಳಿದ್ದಳು. ಸಾಂಗಲಿಯ ಹುಡುಗಿ. ಯಂತ್ರದಲ್ಲಿ ಹೆಚ್ಚು ಕೂರದೆ ನಿಜವಾದ ವಿಮಾನದಲ್ಲೇ ಕೈ ಪಳಗಿಸಿಕೊಂಡವಳು. ಒಬ್ಬಳೇ ಹಾರಲು ಬಿಡುವ ಮೊದಲು ಶಾಲೆಯವರು ಸಂಜೆಯ ದೃಶ್ಯದಲ್ಲಿ ಒಂದು ಪರೀಕ್ಷೆ ಇಡುತ್ತಿದ್ದರು. ಅದರಲ್ಲಿ ಪ್ರತಿ ಸಲವೂ ವಿಮಾನ ಅವಳ ಕೈಯಲ್ಲಿ ಕುಣಿದು ಬಿದ್ದಿತ್ತು. ಕೈ ಭಾರ, ಇಳಿಸುವುದು ಇವಳಿಂದಾಗದು ಎಂದು ಬೋಧಕರು ಹೇಳಿದ್ದರು. ಅವಳು ಊರಿಗೆ ಹೋಗಿದ್ದಳು, ಮತ್ತೆ ಬಂದಿರಲಿಲ್ಲ.

"ಕೈ ಸರಿ ಇದ್ದದ್ದಕ್ಕ ಬಿದ್ದಾಳ," ಎಂದು ಅವರು ಮೆಲ್ಲಗೆ ಹೇಳಿದರು.

ದೀಪ ತೆಗೆದರೆ ಯಂತ್ರ ಸರಿಹೋಗುತ್ತಿತ್ತು. ಸುಧಾರಿತ ಆವೃತ್ತಿ ಎಂದು ಹೇಳಿ ಹಾಕಿಕೊಟ್ಟರಾಯಿತು, ಹುಡುಗಿಯ ವಿಷಯ ಶಾಲೆಯವರು ನೋಡಿಕೊಳ್ಳಲಿ ಎಂದರು ಮಾಲೀಕರು. ಎಂಜಿನಿಯರ್ ಹಾಗೇ ಆಗಲಿ ಎನ್ನಲೂ ಇಲ್ಲ, ವಾದಿಸಲೂ ಇಲ್ಲ. ಮರುದಿನ ರಜೆ ಹಾಕಿ, "ನೀನೂ ಬಾ ತಂಗಿ. ಗಂಡಸೊಬ್ಬ ಹೋಗಿ ಹುಡುಗಿ ಮನಿ ಮುಂದ ನಿಂತ್ರ ಏನರ ತಿಳ್ಕೊಂಡಾರು," ಎಂದರು. ಸ್ವಾರಗೇಟಿನಲ್ಲಿ ಸಾಂಗಲಿ ಬಸ್ಸು ಹತ್ತಿದೆವು.

ಮನೆಯವರು ಅಥಣಿ ಕಡೆಯವರು, ಮನೆಯಲ್ಲಿ ಕನ್ನಡವೇ ಆಡುತ್ತಿದ್ದರು. ತಂದೆ ಮೋಟಾರು ದುರಸ್ತಿಯ ಅಂಗಡಿ ಇಟ್ಟವರು. ಪಡಸಾಲೆಯ ಗೋಡೆಯ ಮೇಲೆ ತೂಗುಹಾಕಿದ್ದ ಒಂದು ಫೋಟೋ, ಮಗಳದೇ ಇರಬೇಕು, ಇಳಿಸಿಟ್ಟ ಜಾಗದಲ್ಲಿ ಚೌಕದಷ್ಟು ಸುಣ್ಣ ಬೆಳ್ಳಗೆ ಉಳಿದಿತ್ತು. ಕೂಡ್ರಿ ಎಂದರೂ ನಮ್ಮ ಎಂಜಿನಿಯರ್ ಕೂರಲಿಲ್ಲ.

"ಮೊದಲ ಹೇಳಿಬಿಡ್ತೀನ್ರಿ. ನಿಮ್ಮ ಮಗಳು ಫೇಲ್ ಆಗಿಲ್ಲ. ನಮ್ಮ ಯಂತ್ರ ಫೇಲ್ ಆಗೇದ. ಅದನ್ನ ಮಾಡಿದಾಂವ ನಾನು."

ತಂದೆ ಅವರನ್ನು ನೋಡಿದರು. "ಈಗ ಹೇಳಾಕ ಬಂದೀರೇನ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ಮೂರು ಗಲ್ಲಿಗೆ ಪೇಢೆ ಹಂಚಿದ್ದೆ ಅಕಿ ಪೈಲಟ್ ಆಗತಾಳಂತ. ಈಗ ಆ ಗಲ್ಲಿಯಾಗ ನಾ ಹಾಯೂದಿಲ್ಲ."

ಹುಡುಗಿ ಒಳಮನೆಯ ಬಾಗಿಲಲ್ಲಿ ನಿಂತಿದ್ದಳು. ಅವರ ಎಡಗಡೆಗೆ. ಏನೋ ಮೆಲ್ಲಗೆ ಹೇಳಿದಳು. ನನಗೆ ಕೇಳಿಸಿತು, ಅವರಿಗೆ ಕೇಳಿಸಲಿಲ್ಲ. ಅವರು ಪೂರ್ತಿ ತಿರುಗಿ, ಕುತ್ತಿಗೆ ಹೊರಳಿಸಿ ಬಲಗಿವಿ ಅವಳ ಕಡೆ ಮಾಡಿ, "ಇನ್ನೊಮ್ಮೆ ಹೇಳವಾ," ಎಂದರು. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು.

ಅವಳು ಈ ಸಲ ಗಟ್ಟಿಯಾಗಿ ಹೇಳಿದಳು. "ಸ್ಕೂಟರ್ ಹೊಡ್ಯೂದೂ ಬಿಟ್ಟೀನ್ರಿ ಅಂದೆ. ಕೈ ಮ್ಯಾಲ ನಂಬಿಕಿ ಹೋಗೇತಿ."

ಅವರು ಕೈಮುಗಿದರು. ಆ ಮನೆಯಲ್ಲಿ ಯಾರೂ ಅದನ್ನು ನಿರೀಕ್ಷಿಸಿರಲಿಲ್ಲ. ತಾಯಿ "ಅಯ್ಯ, ಹಿರ್ಯಾರು ನೀವು, ಹಂಗ ಮಾಡಬ್ಯಾಡ್ರಿ," ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಚಹಾ ಕೊಟ್ಟರು. ನಾವು ಕುಡಿದೆವು. ಚಹಾದ ರುಚಿ ನೆನಪಿಲ್ಲ. ಆ ಬಿಳಿಯ ಚೌಕವನ್ನು ನೋಡಬಾರದೆಂದು ನಾನು ಕಪ್ಪನ್ನೇ ನೋಡುತ್ತ ಕೂತಿದ್ದೆ.

ತಿರುಗಿ ಬರುವಾಗ ಕರಾಡದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಅವರು ಇಳಿಯಲಿಲ್ಲ. "ಸರ್, ಹೇಳಿ ಬಂದ್ವಿ, ಮನಸ್ಸು ಹಗುರಾತಲ್ಲ?" ಎಂದು ಕೇಳಿದೆ. "ಇಲ್ಲ ತಂಗಿ. ಹಗುರಾಗಬಾರ್ದು. ಈ ನಾಚಿಕಿ ಇರ್ಲಿ. ಇದು ಹೋತಂದ್ರ ನಾ ಮತ್ತ ದೀಪ ಹಚ್ಚಾಂವನ," ಎಂದರು.

ಮುಖ್ಯ ಬೋಧಕರ ಮುಂದೆ ಆ ಟೇಪನ್ನು ಹಾಕಿ ತೋರಿಸಿದರು. ಬೋಧಕರು ಒರಟು ಮನುಷ್ಯರಾದರೂ ನ್ಯಾಯವಂತರು, ಹುಡುಗಿಯನ್ನು ಮತ್ತೆ ಕರೆಸಲು ಒಪ್ಪಿದರು. ತಂದೆಯ ಜೊತೆ ಬಂದಳು. ಪರದೆಯ ಮೇಲೆ ಈಗ ಪುಣೆ ಇರಲಿಲ್ಲ, ಕತ್ತಲು ಮತ್ತು ರನ್‌ವೇಯ ಎರಡು ಸಾಲು ದೀಪ ಮಾತ್ರ. ಮೊದಲ ಸಲವೇ ವಿಮಾನವನ್ನು ಹೂವಿನಂತೆ ಇಳಿಸಿದಳು. ಬೋಧಕರು ಇನ್ನೊಮ್ಮೆ ಎಂದರು, ಗಾಳಿ ಹೆಚ್ಚಿಸಿ ಮತ್ತೊಮ್ಮೆ ಎಂದರು. ಪ್ರತಿ ಸಲವೂ ಹಾಗೇ ಇಳಿಸಿದಳು. ಹೊರಗೆ ಬೆಂಚಿನ ಮೇಲೆ ಕೂತ ಅವಳ ತಂದೆಗೆ ನಮ್ಮ ಎಂಜಿನಿಯರೇ ಓಡಿಹೋಗಿ ಸುದ್ದಿ ಹೇಳಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದಿನ ತಂಡದಲ್ಲಿ ಸೇರಿಸಿಕೊಳ್ಳುತ್ತೇವೆ ಎಂದು ಬೋಧಕರು ಹೇಳಿದರು. ಅವಳು ತಲೆಯಾಡಿಸಿದಳು. ಆದರೆ ಬರಲಿಲ್ಲ. ಅಷ್ಟರಲ್ಲಿ ಅವಳು ಊರಿನ ಕಾಲೇಜೊಂದರಲ್ಲಿ ಗಣಿತ ಕಲಿಸಲು ಸೇರಿದ್ದಳು. "ನನ್ನಿಂದ ಆಗತೇತಂತ ಗೊತ್ತಾತಲ್ರಿ, ಸಾಕು," ಎಂದಳಂತೆ ಫೋನಿನಲ್ಲಿ. ಅವರು ಫೋನ್ ಇಟ್ಟು, "ಸಾಕು ಅಂದಳು," ಎಂದು ನನಗೆ ಹೇಳಿದರು. ಆ ಶಬ್ದ ಅವರಿಗೆ ಸಾಕಾಗಲಿಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು.

ಎರಡು ವರ್ಷಗಳ ನಂತರ ನಮ್ಮ ಎರಡನೇ ಯಂತ್ರ ಸಿದ್ಧವಾಯಿತು. ಈ ಸಲ ಉದ್ಘಾಟನೆ ಒಂದು ದೊಡ್ಡ ಹೋಟೆಲಿನ ಸಭಾಂಗಣದಲ್ಲಿ. ಕೊಳ್ಳಬಹುದಾದವರು, ಪತ್ರಿಕೆಯವರು, ಸೂಟು ಹಾಕಿದ ನಮ್ಮ ಮಾಲೀಕರು. ನಮ್ಮ ಎಂಜಿನಿಯರಿಗೆ ಎರಡು ಮಾತಾಡಲು ಹೇಳಿದ್ದರು. ಮೈಕಿನ ಮುಂದೆ ನಿಂತು ಅವರು ಹೊಸ ಯಂತ್ರದ ಹೆಗ್ಗಳಿಕೆ ಹೇಳಲಿಲ್ಲ. ಹಳೆಯ ಯಂತ್ರ ಹೇಗೆ ತಪ್ಪು ಕಲಿಸಿತು, ಅದನ್ನು ಕಲಿತ ಒಬ್ಬ ಹುಡುಗ ಹೇಗೆ ಸ್ವಲ್ಪದರಲ್ಲಿ ಪೆಟ್ಟು ತಪ್ಪಿಸಿಕೊಂಡ, ಸರಿಯಾಗಿ ಹಾರುತ್ತಿದ್ದ ಒಬ್ಬ ಹುಡುಗಿ ಹೇಗೆ ಮನೆಗೆ ಹೋದಳು ಎಂಬುದನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. "ಈ ಯಂತ್ರದಲ್ಲೂ ನಮಗೆ ಗೊತ್ತಿಲ್ಲದ ತಪ್ಪು ಇರಬಹುದು. ನಿಮ್ಮ ವಿದ್ಯಾರ್ಥಿ ಬಿದ್ದರೆ ಮೊದಲು ನಮ್ಮನ್ನು ಅನುಮಾನಿಸಿ," ಎಂದರು.

ಸಭೆಯಲ್ಲಿ ಗುಸುಗುಸು ಎದ್ದಿತು. ಮಾಲೀಕರ ಮುಖ ಕಪ್ಪಿಟ್ಟಿತು. ನಾನು ಮುಂದಿನ ಸಾಲಿನಲ್ಲಿದ್ದೆ. ಪಕ್ಕದಲ್ಲಿ ಕೂತ ಅತಿಥಿ "ಯಾರಿವರು? ನಿಮ್ಮವರೇ?" ಎಂದು ಕೇಳಿದರು. ನನಗೆ ಮೈಯೆಲ್ಲ ಬಿಸಿಯಾಗಿ, ತಲೆ ತಾನಾಗಿ ಕೆಳಗಾಯಿತು.

ಆಮೇಲೆ ಅವರನ್ನು ಯಾವ ವೇದಿಕೆಗೂ ಕರೆಯಲಿಲ್ಲ. ಕೆಲವು ವರ್ಷ ಕೆಲಸ ಮಾಡಿ ನಿವೃತ್ತರಾದರು. ನಾನೂ ಚಾಕಣದ ಒಂದು ಕಾರ್ಖಾನೆಗೆ ಹೋದೆ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ, ಆಮೇಲೆ ಅದೂ ಕಡಿಮೆಯಾಯಿತು. ಒಂದು ದಿನ ಹಳೆಯ ಸಹೋದ್ಯೋಗಿಯೊಬ್ಬ ಫೋನ್ ಮಾಡಿ, ಸರ್ ಬೆಳಿಗ್ಗೆ ಚಹಾ ಕುಡಿಯುತ್ತ ಕೂತವರು ಹಾಗೇ ಹೋದರು ಎಂದ.

ಧನಕವಡಿಯ ಅವರ ಮನೆಗೆ ಹೋದಾಗ ಅವರ ಹೆಂಡತಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡರು. "ನಿನ್ನ ಸುದ್ದಿ ಭಾಳ ತಗೀತಿದ್ರವಾ," ಎಂದರು. ನಾನು ಏನಾದರೂ ಹೇಳಬೇಕೆಂದು, "ಅವರು ಯಾರಿಗೂ ಅಂಜತಿರಲಿಲ್ಲ, ಎಲ್ಲರ ಮುಂದೂ ಖರೆ ಹೇಳತಿದ್ರು," ಎಂದೆ.

"ಅಂಜತಿದ್ರವಾ," ಎಂದರು. "ಹೋಟೆಲಿನ್ಯಾಗ ಹಂಗ ಮಾತಾಡಿ ಬಂದ್ರಲ್ಲ, ಆ ದಿನ ಉಣ್ಣಲಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರು. ಏನಾತ್ರಿ ಅಂತ ಕೇಳಿದೆ. 'ನಾ ಮಾತಾಡಬೇಕಾದ್ರ ನಮ್ಮ ತಂಗಿ ತಲಿ ಕೆಳಗ ಹಾಕಿಬಿಡ್ತು. ಪಾಪ, ನನ್ನ ಸಲುವಾಗಿ ಅದಕ್ಕೂ ನಾಚಿಕಿ ಆತು' ಅಂದ್ರು."

ಅವರು ನೋಡಿದ್ದರು. ಅಷ್ಟು ಜನರ ನಡುವೆ, ಆ ಬೆಳಕಿನಲ್ಲಿ, ನನ್ನನ್ನು ನೋಡಿದ್ದರು. ಆಮೇಲೂ ಮಧ್ಯಾಹ್ನ ನನ್ನ ಮೇಜಿನ ಮೇಲೆ ಅವಲಕ್ಕಿ ಇಟ್ಟು ಹೋಗುತ್ತಿದ್ದರು. ಒಂದು ದಿನವೂ ಅದರ ಮಾತೆತ್ತಲಿಲ್ಲ. ಅವರ ಹೆಂಡತಿ ನನ್ನ ಬೆನ್ನ ಮೇಲೆ ಕೈಯಿಟ್ಟರು, ನಾನು ಅವರು ಹೋದ ದುಃಖಕ್ಕೆ ಅಳುತ್ತಿದ್ದೇನೆಂದು ತಿಳಿದಿರಬೇಕು.

ನಮ್ಮ ಕಾರ್ಖಾನೆಯ ಸಭೆಗಳಲ್ಲಿ ಅಪರೂಪಕ್ಕೊಮ್ಮೆ ಯಾರೋ ಒಬ್ಬರು ಎದ್ದು ನಿಂತು, ತಪ್ಪು ನನ್ನದು ಎಂದು ಹೇಳುತ್ತಾರೆ. ಸುತ್ತ ಕೂತವರು ಪೆನ್ನು ನೋಡುತ್ತಾರೆ, ಫೋನು ನೋಡುತ್ತಾರೆ, ಕಿಟಕಿಯ ಹೊರಗೆ ನೋಡುತ್ತಾರೆ. ನನ್ನ ಕುತ್ತಿಗೆಯೂ ಬಿಸಿಯಾಗುತ್ತದೆ, ತಲೆ ತಗ್ಗಿಸಬೇಕೆನಿಸುತ್ತದೆ. ತಗ್ಗಿಸುವುದಿಲ್ಲ. ಎದ್ದು ನಿಂತವರು ಹೇಳಿ ಮುಗಿಸಿ ಕೂರುವ ತನಕ ಅವರ ಮುಖವನ್ನೇ ನೋಡುತ್ತಿರುತ್ತೇನೆ.